ಗುಡ್ಡದಲ್ಲಿ ಅತ್ಯಾಳ ಪಾಲು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮೂರ ಅರಣ್ಯ ಸಮಿತಿಯ ಹಿರಿಯರಾದ ಶರಣಪ್ಪನವರೇ, ಒಂದು ವರ್ಷ ನಮ್ಮ ಗುಡ್ಡ ಹತ್ತಿ ಇಳಿದು ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಸಮೀಕ್ಷಾ ತಂಡದ ಮುಖ್ಯಸ್ಥರಾದ ಅಶೋಕಕುಮಾರ ಸರ್ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಹುಮನಾಬಾದಿನ ಈ ಸೆಕೆಯಲ್ಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ವಂದನಾರ್ಪಣೆ ಎಂದರೆ ಅಡುಗೆಮನೆಯ ಕಡೆಯಿಂದ ಪಲಾವಿನ ವಾಸನೆ ಬಂದ ಮೇಲೆ ಮಾಡುವ ಭಾಷಣ. ನನಗೆ ಅದರ ಬೇಸರವಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಕೊನೆಯ ಪಿರಿಯಡ್ ಯಾವಾಗಲೂ ನನ್ನದೇ.

ಮೊದಲ ವಂದನೆ ತಂಡಕ್ಕೆ. ಕೊಡಂಬಲದ ಆಚೆಗಿನ ನಮ್ಮೂರ ಗುಡ್ಡದಲ್ಲಿ ಕಾಡು ಮತ್ತೆ ಬೆಳೆಯಬೇಕು ಎಂಬುದು ಎಲ್ಲರ ಆಸೆ. ಆದರೆ ಸಸಿ ತಂದು ನೆಟ್ಟು ಫೋಟೋ ತೆಗೆಸಿಕೊಂಡು ಹೋದವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇವರು ಹಾಗೆ ಮಾಡಲಿಲ್ಲ. ಎಲ್ಲಿ ಮಣ್ಣು ಕೊಚ್ಚಿಹೋಗಿದೆ, ಎಲ್ಲಿ ಬರೀ ಕೆಂಪು ಕಲ್ಲು ಉಳಿದಿದೆ, ಯಾವ ಕೊರಕಲು ಎಷ್ಟು ಆಳ, ಯಾರು ದನ ಬಿಡುತ್ತಾರೆ, ಯಾರು ಕಟ್ಟಿಗೆ ತರುತ್ತಾರೆ, ಇದನ್ನೆಲ್ಲ ತಿಳಿದುಕೊಂಡ ಮೇಲೆಯೇ ಸಸಿಯ ಮಾತು ಎತ್ತಿದರು.

ಅವರ ಕಾಗದಗಳು ಇಂಗ್ಲಿಷಿನಲ್ಲಿದ್ದವು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಗುಡ್ಡದೊಂದಿಗೆ ಯಾವುದಾದರೂ ನಂಟಿರುವವರು ಎಂಬ ಅರ್ಥದ ಒಂದು ಪದ ಅಲ್ಲಿತ್ತು. ನಾನು ‘ಪಾಲುದಾರರು’ ಎಂದು ಬರೆದೆ. ಎಷ್ಟು ಚೆಂದದ ಪದ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಯುನೂಸ್ ಭಾಯಿ ತಮ್ಮ ಆಟೋಕ್ಕೆ ಮೈಕು ಕಟ್ಟಿ, "ಗುಡ್ಡದ ಪಾಲುದಾರರೆಲ್ಲಾ ರವಿವಾರ ಮುಂಜಾನೆ ಸಾಲಿ ಮುಂದ ಬರಬೇಕ್ರಿ" ಎಂದು ಸುತ್ತಲಿನ ಹಳ್ಳಿಗಳಲ್ಲಿ ಸಾರಿ ಬಂದರು.

ನಮ್ಮ ಕಡೆ ಪಾಲು ಎಂದರೆ ಏನು ಸಭಿಕರೇ? ಅಣ್ಣತಮ್ಮಂದಿರು ಹೊಲದ ನಡುವೆ ಹಗ್ಗ ಹಿಡಿದು ನಿಲ್ಲುವುದಲ್ಲವೇ? ಗುಡ್ಡ ಹಂಚುತ್ತಾರೆ ಎಂದು ಊರಿಗೆ ಊರೇ ಬಂತು. ಮುಂಬೈಗೆ ದುಡಿಯಲು ಹೋದವರು ಬಂದರು. ಬಸವಕಲ್ಯಾಣದಿಂದ ಒಬ್ಬರು ವಕೀಲರನ್ನೇ ಕರೆತಂದಿದ್ದರು. ಒಬ್ಬ ಯಜಮಾನರು ಸರ್ ಮುಂದೆ ಕೈಮುಗಿದು, "ನಮ್ಮ ಪಾಲಿಗಿ ಹಳ್ಳದ ಬಾಜೂನ ಜಾಗಾ ಬರಲಿರಿ ಸಾಹೇಬ್ರ, ಮ್ಯಾಲಿಂದು ಬ್ಯಾಡ" ಎಂದರು. ಸರ್ ನನ್ನ ಕಡೆ ತಿರುಗಿ, "ಟೀಚರ್, ಇವರು ಏನು ಕೇಳುತ್ತಿದ್ದಾರೆ?" ಎಂದರು. ತಪ್ಪು ಇವರದಲ್ಲ ಸರ್, ನಾನು ಬರೆದ ಪದದ್ದು ಎಂದೆ.

ತಿಳಿಸಿ ಹೇಳಿದ ಮೇಲೆ ಜನ ಬೈದುಕೊಳ್ಳುತ್ತ ಹೋದರು. ವಕೀಲರು ಚಹಾ ಕುಡಿದು ಹೋದರು. ಶಾಲೆಯ ಕಟ್ಟೆಯ ಮೇಲೆ ಒಬ್ಬರು ಮಾತ್ರ ಉಳಿದರು. ಕೊಹಿನೂರಿನಿಂದ ಬಸ್ಸು ಬದಲಿಸುತ್ತ ಬಂದಿದ್ದ ಶೇವಂತಾಬಾಯಿ. ನನ್ನ ತಂದೆಯ ತಂಗಿ, ನಾನು ಅತ್ಯಾ ಎಂದು ಕರೆಯುವವರು. ನಾನು ಹುಟ್ಟುವ ಮೊದಲೇ ತವರಿಗೆ ಬರುವುದನ್ನು ಬಿಟ್ಟಿದ್ದರು. ಅಪ್ಪ ತೀರಿದಾಗಲೂ ಬರಲಿಲ್ಲ. ನಾವೇ ಕೊಹಿನೂರಿಗೆ ಹೋದಾಗ ಹೊಟ್ಟೆ ತುಂಬ ಉಣಿಸಿ ಕಳಿಸುತ್ತಿದ್ದರು, ಅಣ್ಣನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

"ಅತ್ಯಾ, ಭೂಮಿ ಹಂಚೂದಿಲ್ಲಂತ, ನಡಿ ಮನಿಗಿ" ಎಂದೆ.

"ನನಗ ಭೂಮಿ ಯಾಕ ಬೇಕವ್ವಾ? ಗುಡ್ಡದಾಗ ನನ್ನ ಕೂಸ ಅದ. ನಾ ಪಾಲುದಾರಳಲ್ಲೇನು?"

ಕ್ಷಮಿಸಿ, ನೀರು ಕುಡಿಯುತ್ತೇನೆ.

ಅಂದು ಆ ಕಟ್ಟೆಯ ಮೇಲೆ ಅತ್ಯಾ ಎಲ್ಲ ಹೇಳಿದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಹಾಗೆ ಬಂದಿದ್ದರು. ಹೆಣ್ಣುಕೂಸು, ಹೆಸರಿಡುವ ತನಕವೂ ಬದುಕಲಿಲ್ಲ. ನಮ್ಮ ಓಣಿಯವರು ಎಳೆಕೂಸುಗಳನ್ನು ಗುಡ್ಡಕ್ಕೆ ಒಯ್ಯುತ್ತಿದ್ದರು. ಹೆತ್ತವಳನ್ನು ಕರೆದೊಯ್ಯುವ ಪದ್ಧತಿ ಇಲ್ಲ. ನನ್ನ ಅಪ್ಪನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಜಾಗ ತೋರಿಸು ಎಂದು ಅತ್ಯಾ ಬಾಣಂತಿ ಮೈಯಲ್ಲೇ ಅವರ ಕಾಲು ಹಿಡಿದರಂತೆ. ಅಪ್ಪ, "ಮುತ್ತಲಗಿಡದ ಬುಡಕ ಅದ. ನೋಡಿ ಏನ್ ಮಾಡ್ತಿ, ಮರ್ತಬಿಡು" ಎಂದರು. ಆ ಒಂದು ಮಾತಿಗೆ ಅತ್ಯಾ ತವರನ್ನೇ ಬಿಟ್ಟರು. ಬಿಟ್ಟರು ಎಂದೆ, ಅದು ಸರಿಯಲ್ಲ. ಬಸ್ಸಿನಲ್ಲಿ ಈ ದಾರಿಯಾಗಿ ಹೋಗುವಾಗಲೆಲ್ಲ ಗುಡ್ಡ ಕಾಣುವ ಕಿಟಕಿಯಲ್ಲೇ ಕೂರುತ್ತಿದ್ದರಂತೆ.

ನಾವು ಅವರನ್ನು ಗುಡ್ಡಕ್ಕೆ ಕರೆದೊಯ್ದೆವು. ಸರ್ ನಕ್ಷೆ ಹಿಡಿದಿದ್ದರು. ಆ ಇಳಿಜಾರೆಲ್ಲ ನಕ್ಷೆಯಲ್ಲಿ ಕೆಂಪು. ಮಣ್ಣು ಹೋಗಿದೆ, ಅಪ್ಪ ಹೇಳಿದ ಮುತ್ತಲ, ಅಂದರೆ ಮುತ್ತುಗದ ಮರಗಳು ಎಂದೋ ಒಲೆ ಸೇರಿವೆ. ಅತ್ಯಾ ಒಂದೊಂದು ಕಲ್ಲಿನ ಬಳಿಯೂ ನಿಂತು, "ಇಲ್ಲೇನೋ, ಇಲ್ಲೇನೋ" ಎನ್ನುತ್ತಿದ್ದರು. ಸಭಿಕರೇ, ನಾನು ಎಷ್ಟೋ ಹಂಬಲಗಳ ಬಗ್ಗೆ ಪಾಠ ಮಾಡಿದ್ದೇನೆ. ಹಂಬಲ ಕಾಲೆಳೆಯುತ್ತ ಬಿಸಿಲಲ್ಲಿ ನಡೆಯುವುದನ್ನು ಅಂದೇ ನೋಡಿದ್ದು.

ಆಗ ಸರ್ ಹೇಳಿದರು, "ಟೀಚರ್, ಈ ಇಳಿಜಾರಿನಲ್ಲಿ ಒಂದೇ ಒಂದು ಕಡೆ ಮೊಣಕಾಲಾಳ ಮಣ್ಣು ಉಳಿದಿದೆ. ಯಾರು ಉಳಿಸಿದರೆಂದು ನಮಗೆ ತಿಳಿದಿಲ್ಲ. ಊರಲ್ಲಿ ಕೇಳಿದರೂ ಯಾರಿಗೂ ಗೊತ್ತಿಲ್ಲ." ಅಲ್ಲಿಗೆ ಹೋದೆವು. ಒಂದು ಮುತ್ತುಗದ ಬೊಡ್ಡೆ, ಅದರಿಂದ ಹೊಸ ಚಿಗುರು. ಅದರ ಕೆಳಗೆ ಕೈಯಿಂದ ಜೋಡಿಸಿದ ಕಲ್ಲಿನ ಸಣ್ಣ ಒಡ್ಡು, ಅರ್ಧಚಂದ್ರದ ಹಾಗೆ. ಮಳೆ ಮಣ್ಣನ್ನು ಒಯ್ಯದಂತೆ ಕಲ್ಲಿನ ಮೇಲೆ ಕಲ್ಲು, ವರುಷದ ಮೇಲೆ ವರುಷ ಯಾರೋ ಏರಿಸಿದ್ದರು.

ಯಾರೋ ಎಂದು ಯಾಕೆ ಹೇಳಲಿ? ಪ್ರತಿ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ, ಹುಟ್ಟುವ ಮುನ್ನ ನಮ್ಮಪ್ಪ ಗುದ್ದಲಿ ಹಿಡಿದು ಒಬ್ಬರೇ ಗುಡ್ಡಕ್ಕೆ ಹೋಗುತ್ತಿದ್ದರು. ಕೇಳಿದರೆ, ಆಡು ತಪ್ಪಿಸಿಕೊಂಡಿದೆ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಆಡೇ ಇರಲಿಲ್ಲ.

ಅತ್ಯಾ ಕೂತರು. ಮಣ್ಣನ್ನು ಮುಟ್ಟಲಿಲ್ಲ, ಕಲ್ಲುಗಳನ್ನು ಮುಟ್ಟಿದರು. "ನನಗ ಮರ್ತಬಿಡು ಅಂದು ತಾ ಮರೀಲಿಲ್ಲ ನೋಡು. ಒಂದು ಮಾತ ಹೇಳಿದ್ರ ನಾ ಬರ್ತಿದ್ನಲ್ಲ" ಎಂದರು. ಅಷ್ಟೇ. ಅಳಲೂ ಇಲ್ಲ.

ಈಗ ಯೋಜನೆಯ ಮಾತು. ಆ ಇಳಿಜಾರಿನಲ್ಲಿ ಯಂತ್ರದಿಂದ ಕಂದಕ ತೆಗೆಯುತ್ತಾರೆ. ನೀರು ನಿಲ್ಲಲು ಅದು ಬೇಕು, ನಾನು ಒಪ್ಪುತ್ತೇನೆ. ಒಂದು ಕಂದಕದ ಸಾಲು ಸರಿಯಾಗಿ ಆ ಒಡ್ಡಿನ ಮೇಲೆ ಹಾಯುತ್ತದೆ. ಸಾಲನ್ನು ಆಚೆ ಸರಿಸಬಹುದು ಎಂದು ಸರ್ ಹೇಳಿದ್ದಾರೆ. ಆದರೆ ಸಮಿತಿಯ ನಿಯಮದಂತೆ ಕೇಳುವವರು ಊರಿನಲ್ಲಿ ವಾಸವಿರುವ ಪಾಲುದಾರರಾಗಿರಬೇಕಂತೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳು ಊರಿನವಳಲ್ಲವಂತೆ, ಅವಳ ಪರವಾಗಿ ನಾನು ಕೇಳುವಂತೆಯೂ ಇಲ್ಲವಂತೆ. ಅಧ್ಯಕ್ಷರು ಮೊನ್ನೆ, "ಒಬ್ಬರಿಗಿ ಬಿಟ್ರ ಎಲ್ಲಾರೂ ಕೇಳ್ತಾರವ್ವಾ" ಎಂದರು. ಕೇಳಲಿ ಶರಣಪ್ಪನವರೇ. ಆ ಗುಡ್ಡದಲ್ಲಿ ಮಲಗಿರುವ ಕೂಸುಗಳ ತಾಯಂದಿರು ಎಲ್ಲೆಲ್ಲಿದ್ದಾರೋ, ಬಂದು ಕೇಳಲಿ. ನಾವು ಕಾಡು ಬೆಳೆಸುತ್ತಿರುವುದು ಯಾರಿಗಾಗಿ ಮತ್ತೆ?

ವಂದನಾರ್ಪಣೆಯಲ್ಲಿ ಬೇಡಿಕೆ ಇಡುವ ರೂಢಿ ಇಲ್ಲ ಎಂದು ನನಗೂ ಗೊತ್ತು. ಸೋಮವಾರ ಯಂತ್ರ ಬರುತ್ತದೆ, ನನಗೆ ಬೇರೆ ವೇದಿಕೆ ಸಿಗುವುದಿಲ್ಲ.

ಅಧ್ಯಕ್ಷರಿಗೆ, ತಂಡದವರಿಗೆ, ಮೈಕಿನ ಯುನೂಸ್ ಭಾಯಿಗೆ, ಅಡುಗೆ ಮಾಡಿದ ತಾಯಂದಿರಿಗೆ ವಂದನೆಗಳು. ಇನ್ನೊಬ್ಬರು ಉಳಿದಿದ್ದಾರೆ. ನನ್ನ ತಂದೆ, ಕೂಲಿ ದೇವಿಂದ್ರಪ್ಪ. ಯಾರಿಗೂ ಹೇಳದೆ ತಂಗಿಯ ಕೂಸಿನ ಮೇಲಿನ ಮಣ್ಣು ಕಾಯ್ದವರು. ಅವರಿಗೆ ನಾನು ವಂದಿಸುವುದಕ್ಕಿಂತ...

ಅತ್ಯಾ, ಕೊನೆಯ ಸಾಲಿನಲ್ಲಿ ಕೂತಿದ್ದೀ, ಕಾಣುತ್ತಿದ್ದೀ. ಎದ್ದು ನಿಲ್ಲು. ಶರಣಪ್ಪನವರು ನಿನ್ನನ್ನು ನೋಡಲಿ. ಎಷ್ಟೋ ವರ್ಷ ನಿನ್ನ ಅಣ್ಣನ ಜೊತೆ ಮಾತು ಬಿಟ್ಟಿದ್ದೆಯಲ್ಲ, ಇವತ್ತು ನನ್ನ ಬದಲು ನೀನೇ ಆ ಅಣ್ಣನಿಗೊಂದು ನಮಸ್ಕಾರ ಹೇಳು.