ಗೋರಿಯ ಪಕ್ಕ ನೆಟ್ಟ ಪೈಪು

ಹೆಸರು ಒಟಿಲಿಯಾ ಚಫ್ಲೊಕೆ, ವಯಸ್ಸು 61 ವರ್ಷ, ಕಸುಬು ಬೇಸಾಯ, ವಾಸ ಪೆರು ದೇಶದ ಲಂಬಾಯೆಕೆ ಸೀಮೆಯ ಕಾರ್ರಿಸಾಲ್ ಬಾಜೊ ಗ್ರಾಮ, ಕೊನೆಯ ತೂಬಿನ ಪಕ್ಕದ ಮನೆ. ದಿವಂಗತ ಕಸಿಮಿರೊ ಎಫಿಯೊ ಅವರ ಹೆಂಡತಿ. ಬಸಿಗಾಲುವೆಯ ಒಡ್ಡು ಒಡೆದಿದ್ದೇನೆ ಎಂದು ನನ್ನ ಮೇಲೆ ಬಂದ ದೂರಿನ ಬಗ್ಗೆ ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಒಡೆದವಳು ನಾನೇ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಜೊತೆಗೆ ಬಂದಿಲ್ಲ.

ದೂರು ಕೊಟ್ಟವರು ಲಿಯೊನ್ಸಿಯೊ ಯೊಂತೊಪ್. ನನ್ನ ಮಗಳು ನೆಲಿದಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ಅವಳಿಗೆ ಧರ್ಮತಂದೆಯಾದವರು ಅವರೇ. ಅಂದಿನಿಂದ ಆ ನೆಂಟಸ್ತಿಕೆಯಲ್ಲಿ ನಾನು ಅವರಿಗೆ ಕೊಮಾದ್ರೆ, ಅವರು ನಮಗೆ ಕೊಂಪಾದ್ರೆ. ನಮ್ಮದು ಎರಡು ಹೆಕ್ಟೇರ್, ಅವರದು ಏಳು. ಎರಡೂ ಹೊಲಗಳ ಉಪ್ಪುನೀರು ಒಂದೇ ಬಸಿಗಾಲುವೆಗೆ ಇಳಿದು ಸಮುದ್ರ ಸೇರಬೇಕು. ನಮ್ಮ ಹೊಲ ಮೇಲಿದೆ, ಅವರ ಗದ್ದೆ ನಮ್ಮ ಬದುವಿನಿಂದ 340 ಮೀಟರ್ ದೂರದಲ್ಲಿ ಕೆಳಗಿದೆ. ಊರಿನ ಸ್ಮಶಾನ ನಮ್ಮ ಹೊಲಕ್ಕೆ ಅಂಟಿಕೊಂಡಿದೆ. ಒಣ ಜಾಗವೆಂದು ಹಿರಿಯರು ಆರಿಸಿದ್ದು.

2014ರಲ್ಲಿ ಮಳೆ ಕೈಕೊಟ್ಟು ಕಾಲುವೆಗೆ ನೀರು ಬಿಡಲಿಲ್ಲ. ಅವರ ಗದ್ದೆಯ ಬಳಿ ಬಸಿಗಾಲುವೆಗೆ ಅಡ್ಡಲಾಗಿ ಮಣ್ಣಿನ ಚೀಲ ಹಾಕಿ, ನಿಂತ ನೀರನ್ನು ಪಂಪಿನಲ್ಲಿ ಎತ್ತಿ ಪೈರು ಉಳಿಸಿಕೊಳ್ಳೋಣ ಎಂದು ಎರಡೂ ಮನೆಯವರು ಸೇರಿ 46 ಚೀಲ ಹಾಕಿದೆವು. ಆ ಒಂದು ಹಂಗಾಮಿಗೆ ಮಾತ್ರ ಎಂದು ಮಾತಾಗಿತ್ತು. ಮರುವರ್ಷ ಕಾಲುವೆಗೆ ಸಿಹಿನೀರು ಬಂತು. ಕಾಲುವೆಯ ಹೂಳೆತ್ತುವ ದಿನ ವಾದ್ಯದವರು ಬಂದರು, ಮೆಕ್ಕೆಜೋಳದ ಹೆಂಡ ಚಿಚಾ ಹಂಡೆಗಟ್ಟಲೆ ಖರ್ಚಾಯಿತು, 94 ಜನ ಸಲಿಕೆ ಹಿಡಿದರು. ಬಸಿಗಾಲುವೆಯ ಹೂಳೆತ್ತುವ ದಿನ ಬಂದವರು ನಾನು, ನನ್ನ ಗಂಡ, ನೀರು ಬಳಕೆದಾರರ ಸಮಿತಿಯ ಕಾವಲುಗಾರ. ಬರುವ ನೀರಿಗೆ ಊರೆಲ್ಲ ನೆಂಟರು, ಹೋಗುವ ನೀರಿಗೆ ದಿಕ್ಕಿಲ್ಲ. ಒಡ್ಡು ಹಾಗೆಯೇ ಉಳಿಯಿತು. ಲಿಯೊನ್ಸಿಯೊ ಹತ್ತಿ ಬಿಟ್ಟರು, ಒಡ್ಡಿನ ನೀರಿಗೆ ಸಿಹಿನೀರು ಬೆರೆಸಿ ಭತ್ತ ಹಾಕಿದರು.

ಬಸಿದು ಹೋಗಲು ದಾರಿಯಿಲ್ಲದೆ 2016ರಿಂದ ನಮ್ಮ ಹೊಲದಲ್ಲಿ ಉಪ್ಪುನೀರು ಕೆಳಗಿನಿಂದ ಮೇಲಕ್ಕೆ ಏರತೊಡಗಿತು. ಮೊದಲು ಅವರೆ ಸತ್ತಿತು, ಆಮೇಲೆ ಮೆಕ್ಕೆಜೋಳ, ಕೊನೆಗೆ ಹತ್ತಿ. ಈಗ ಎರಡು ಹೆಕ್ಟೇರೂ ಸವಳು. ನಡೆದರೆ ನೆಲ ಹಪ್ಪಳದಂತೆ ಮುರಿಯುತ್ತದೆ. ನೀರು ಬಳಕೆದಾರರ ಸಮಿತಿಗೆ ಮೂರು ಅರ್ಜಿ ಕೊಟ್ಟೆವು. ಒಬ್ಬ ಎಂಜಿನಿಯರ್ ಬಂದು, ಅಂತರ್ಜಲ ಅಳೆಯಲೆಂದು ತೂತು ಕೊರೆದ ಎರಡು ಮೀಟರ್ ಪೈಪೊಂದನ್ನು ಹೊಲದಲ್ಲಿ ನೆಟ್ಟರು. ತಿಂಗಳಿಗೊಮ್ಮೆ ಬಂದು ಟೇಪು ಇಳಿಬಿಟ್ಟು ಬರೆದುಕೊಂಡು ಹೋದರು. ಬರೆದುಕೊಂಡರೆ ನೀರು ಇಳಿಯುವುದಿಲ್ಲ ಎಂದು ಅವರಿಗೂ ಹೇಳಿದ್ದೇನೆ.

ಕಳೆದ ಆಗಸ್ಟ್‌ನಲ್ಲಿ ಸಮಿತಿಯ ಸಭೆಯಲ್ಲಿ ನಾನು ಹೊಲದ ಹೆಂಟೆಯೊಂದನ್ನು ಮೇಜಿನ ಮೇಲಿಟ್ಟು, ನಾಲಿಗೆಗೆ ಹಚ್ಚಿ ನೋಡಿ ಎಂದೆ. ಲಿಯೊನ್ಸಿಯೊ, "ಒಳ್ಳೇದೇ ಆಯ್ತಲ್ಲ ಕೊಮಾದ್ರೆ, ಮೀನಿಗೆ ಉಪ್ಪು ಹುಡುಕ್ಕೊಂಡು ಹೋಗೋದು ತಪ್ತು" ಎಂದರು. ಸಭೆಯೆಲ್ಲ ನಕ್ಕಿತು. ಹೊರಗೆ ಬಂದಮೇಲೆ ನನ್ನ ಗಂಡ, "ಬಿಡೇ, ಮಗಳನ್ನ ಎತ್ಕೊಂಡ ಕೈ ಅದು" ಎಂದರು. ಆ ಮಾತಿಗೆ ಕಟ್ಟುಬಿದ್ದು ನಾನು ಆರು ತಿಂಗಳು ಸುಮ್ಮನಿದ್ದೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಫೆಬ್ರವರಿ 11, ಸೋಮವಾರ ಬೆಳಿಗ್ಗೆ 6.10ಕ್ಕೆ ನನ್ನ ಗಂಡ ಎದೆನೋವಿನಿಂದ ತೀರಿಕೊಂಡರು. ಮಂಗಳವಾರ ಮಧ್ಯಾಹ್ನ 2.30ಕ್ಕೆ ಶವವನ್ನು ಸ್ಮಶಾನಕ್ಕೆ ತಂದೆವು. ಗುಂಡಿಯಲ್ಲಿ ನೆಲದಿಂದ 60 ಸೆಂಟಿಮೀಟರ್ ಕೆಳಗೇ ನೀರು ನಿಂತಿತ್ತು. ನಾಲ್ವರು ಬಕೆಟ್ಟಿನಲ್ಲಿ 35 ನಿಮಿಷ ಮೊಗೆದರು, ಮೊಗೆದಷ್ಟೂ ಬಂತು. ಆಗ ಲಿಯೊನ್ಸಿಯೊ ಹೋಗಿ ತಮ್ಮ ಪಂಪು ತಂದರು. "ಅಳಬೇಡ ಕೊಮಾದ್ರೆ, ಈಗ ಒಣಗಿಸಿ ಕೊಡ್ತೀನಿ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಅದನ್ನೂ ಬರೆದುಕೊಳ್ಳಿ, ನಾನು ಸುಳ್ಳು ಹೇಳುವವಳಲ್ಲ. ಒಡ್ಡಿನ ನೀರನ್ನು ಐದು ವರ್ಷದಿಂದ ಅವರ ಗದ್ದೆಗೆ ಎತ್ತಿದ ಪಂಪು ಅದೇ.

ಪೈಪಿನ ಬಾಯನ್ನು ಬಸಿಗಾಲುವೆಗೆ ಬಿಟ್ಟರು. ಗುಂಡಿಯ ನೀರು ಹೋಗಿ ನಿಂತದ್ದು ಅವರ ಒಡ್ಡಿನಲ್ಲೇ. ಪಂಪಿನ ಸದ್ದಿಗೆ ಪಾದ್ರಿಗಳ ಪ್ರಾರ್ಥನೆ ಒಂದಕ್ಷರ ಕೇಳಲಿಲ್ಲ. 3.25ಕ್ಕೆ ಪೆಟ್ಟಿಗೆಯನ್ನು 1.50 ಮೀಟರ್ ಆಳಕ್ಕೆ ಇಳಿಸಿದರು. ಲಿಯೊನ್ಸಿಯೊ, "ಬೇಗ ಮಣ್ಣು ಎಳೀರೋ, ಪೆಟ್ರೋಲ್ ಮುಗೀತಾ ಬಂತು" ಎಂದು ಕೂಗಿದರು. 3.40ಕ್ಕೆ ಪಂಪು ನಿಂತಿತು. ಗುಂಡಿ ಅರ್ಧವೂ ತುಂಬಿರಲಿಲ್ಲ. ಮಣ್ಣಿನೊಳಗಿಂದ ಗುಳುಗುಳು ಎನ್ನುವ ಸದ್ದು ಬರತೊಡಗಿತು. ನೆಲಿದಾ ಕಿವಿ ಮುಚ್ಚಿಕೊಂಡಳು, ನಾನು ಮುಚ್ಚಿಕೊಳ್ಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮಲ್ಲಿ ತಿಂದವರು ಒಬ್ಬರು, ಕುಡಿದವರು ಇನ್ನೊಬ್ಬರು.

4.20ಕ್ಕೆ ನಾನು ಗುಂಡಿ ತೋಡಿದವರ ಸಲಿಕೆ ಮತ್ತು ಒಂದು ಕುಡುಗೋಲು ತೆಗೆದುಕೊಂಡು ಒಡ್ಡಿಗೆ ಹೋದೆ. ಉಟ್ಟಿದ್ದ ಕರಿ ಬಟ್ಟೆಯಲ್ಲೇ ಮೊಣಕಾಲುದ್ದ ನೀರಿಗೆ ಇಳಿದು ಚೀಲಗಳನ್ನು ಸೀಳಿ ಮಣ್ಣು ಎಳೆದೆ. ಹತ್ತೊಂಬತ್ತು ಚೀಲ ತೆಗೆದೆ. ಅವುಗಳಲ್ಲಿ ಏಳು ಚೀಲಗಳ ಮೇಲೆ ನೀಲಿ ಬಣ್ಣದಲ್ಲಿ ನನ್ನ ಗಂಡನ ಹೆಸರಿನ ಮೊದಲಕ್ಷರಗಳಿದ್ದವು. ಅವರು ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ನಿಂತವಳು ನಾನು. ಉಳಿದ ಚೀಲಗಳನ್ನು ನೀರೇ ನೂಕಿಕೊಂಡು ಹೋಯಿತು.

5.10ಕ್ಕೆ ಲಿಯೊನ್ಸಿಯೊ ದಡಕ್ಕೆ ಬಂದು, "ಏನ್ ಮಾಡ್ತಿದೀಯ ಕೊಮಾದ್ರೆ? ಏಳು ಹೆಕ್ಟೇರ್ ಪೈರು ಸತ್ತುಹೋಗುತ್ತೆ!" ಎಂದರು. ನಾನು, "ಸಾಯ್ಲಿ ಕೊಂಪಾದ್ರೆ, ಹೂಳೋಕೆ ಒಣ ಜಾಗ ಮಾಡ್ತಾ ಇದೀನಿ" ಎಂದೆ. ಅವರು ನನ್ನನ್ನು ಮುಟ್ಟಲಿಲ್ಲ, ನಾನೂ ಸಲಿಕೆ ಎತ್ತಲಿಲ್ಲ. ಸಲಿಕೆ ಎತ್ತಿದೆ ಎಂದು ದೂರಿನಲ್ಲಿ ಬರೆಸಿರುವುದು ಸುಳ್ಳು. ಅವರ ಗದ್ದೆಯ ಅಂಚೂ ಉಪ್ಪಿಗೆ ಬೆಳ್ಳಗಾಗುತ್ತಿದೆ, ಅದನ್ನು ಅವರು ಬರೆಸಿಲ್ಲ.

ದೂರಿನಲ್ಲಿಲ್ಲದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಬುಧವಾರ ಬೆಳಿಗ್ಗೆ, ಎಂಜಿನಿಯರ್ ನೆಟ್ಟಿದ್ದ ಪೈಪನ್ನು ನಮ್ಮ ಹೊಲದಿಂದ ಕಿತ್ತು ತಂದು ಗಂಡನ ಗೋರಿಯ ಪಕ್ಕ ನೆಟ್ಟಿದ್ದೇನೆ. ಅದು ಸರ್ಕಾರದ ಸ್ವತ್ತು ಎಂದು ಗೊತ್ತು. ದಿನವೂ ಬೆಳಿಗ್ಗೆ 7ಕ್ಕೆ ಟೇಪು ಇಳಿಬಿಟ್ಟು ಅಳೆಯುತ್ತೇನೆ. ಬುಧವಾರ ನೀರು 68 ಸೆಂಟಿಮೀಟರ್ ಕೆಳಗಿತ್ತು. ಶುಕ್ರವಾರ 1.14 ಮೀಟರ್. ನಿನ್ನೆ 1.32. ಇಂದು 1.35.

48 ಗಂಟೆಯೊಳಗೆ ನಾನು ನನ್ನ ಕೈಯಿಂದಲೇ ಒಡ್ಡನ್ನು ಮೊದಲಿನಂತೆ ಹಾಕಬೇಕು, ಇಲ್ಲವಾದರೆ ಬಂಧಿಸಬೇಕು ಎಂದು ಸಮಿತಿ ಬರೆದ ಕಾಗದವನ್ನು ಸಾರ್ಜೆಂಟರು ಓದಿ ಹೇಳಿದರು. ನನ್ನ ಗಂಡ ಮಲಗಿರುವುದು 1.50ರಲ್ಲಿ. ಅವರ ಬೆನ್ನು ಒಣಗಲು ಇನ್ನು ಹದಿನೈದು ಸೆಂಟಿಮೀಟರ್ ಬೇಕು. ದಿನಕ್ಕೆ ಮೂರರಂತೆ ಐದು ದಿನ. ನನ್ನನ್ನು ಇಂದೇ ಬಂಧಿಸಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಕೈ ಐದು ದಿನ ಇಲ್ಲೇ ಬೀಗದೊಳಗಿರಲಿ. ಅಳತೆಯನ್ನು ನೆಲಿದಾ ಬಂದು ಹೇಳುತ್ತಾಳೆ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಳತೆಗಳನ್ನು ಎರಡು ಸಲ ಓದಿಸಿ ಕೇಳಿದ್ದೇನೆ, ಸರಿಯಾಗಿವೆ.

ಸ್ಥಳ: ಕಾರ್ರಿಸಾಲ್ ಪೊಲೀಸ್ ಠಾಣೆ
ದಿನಾಂಕ: 18 ಫೆಬ್ರವರಿ 2019, ಬೆಳಿಗ್ಗೆ 10.45
ಸಹಿ: ಒಟಿಲಿಯಾ ಚಫ್ಲೊಕೆ