ಬುಲ್ಡೋಜರಿನ ಆಯಿಲ್ ಸೋರಿಕೆ: ದತ್ತುವಿನ ಮೇಲೆ ನಾನು ಹೇಳಿದ ಮಾತನ್ನು ಹಿಂತೆಗೆದುಕೊಳ್ಳುವ ಬಗ್ಗೆ

ನನ್ನ ಹೆಸರು ಶಶಿಕಾಂತ ತಂದೆ ಶಿವರಾಯ ಹಲಬರ್ಗೆ, ವಯಸ್ಸು 47 ವರ್ಷ, ಉದ್ಯೋಗ ಬುಲ್ಡೋಜರ್ ಮುಂತಾದ ದೊಡ್ಡ ಯಂತ್ರಗಳ ದುರಸ್ತಿ, ಮೂಲತಃ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನವನು, ಈಗಿನ ವಾಸ ನಾಶಿಕದ ಸಾತಪುರ. ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯುವಾಗ ತಪ್ಪಾಗುತ್ತದೆ. ಇದರಲ್ಲಿ ತಪ್ಪಾಗಬಾರದೆಂದು ಕನ್ನಡದಲ್ಲಿ ಹೇಳುತ್ತಿದ್ದೇನೆ. ಸೋಲಾಪುರದವರಾಗಿ ಕನ್ನಡ ಬಲ್ಲ ದಿಂಡೋರಿ ಪೊಲೀಸ್ ಠಾಣೆಯ ಹವಾಲ್ದಾರರು ಬರೆದುಕೊಳ್ಳುತ್ತಿದ್ದಾರೆ. ನಿನ್ನೆ ಸಂಜೆ ಇಲ್ಲಿಯೇ ಬಾಯಿಮಾತಿನಲ್ಲಿ ಹೇಳಿದ್ದನ್ನು ತಿದ್ದಿ ಈ ಮೂಲಕ ತಿಳಿಸುವುದೇನೆಂದರೆ:

ಗುತ್ತಿಗೆದಾರರಾದ ಗುರುಬಸವ ಅವರು ನಮ್ಮ ಕಡೆಯವರು. ಅವರ ಹಳೆಯ ಬುಲ್ಡೋಜರನ್ನು ಆರು ವರ್ಷಗಳಿಂದ ನಾನೇ ದುರಸ್ತಿ ಮಾಡುತ್ತಿದ್ದೇನೆ. ಸದರಿ ಬುಲ್ಡೋಜರ್ ದಿಂಡೋರಿಯಿಂದ 7 ಕಿ.ಮೀ. ದೂರದಲ್ಲಿ ದ್ರಾಕ್ಷಿ ತೋಟಕ್ಕಾಗಿ ಜಮೀನು ಸಮ ಮಾಡುವ ಕೆಲಸದಲ್ಲಿದೆ. ನಡೆಸುವವನು ಸಟಾಣಾದ ದತ್ತು, ವಯಸ್ಸು 29. ನಾಲ್ಕು ವರ್ಷ ನಮ್ಮವರ ನಡುವೆ ಇದ್ದು ಕನ್ನಡ ಕಲಿತಿದ್ದಾನೆ.

ದಿನಾಂಕ 6-10-2025ರಂದು ಬೆಳಿಗ್ಗೆ 8.20ಕ್ಕೆ ಗುರುಬಸವ ಅವರು ಫೋನ್ ಮಾಡಿ ಗೇರ್‌ಬಾಕ್ಸಿನಿಂದ ಆಯಿಲ್ ಸುರಿಯುತ್ತಿದೆ ಎಂದರು. ಹೋಗಿ ಬಿಚ್ಚಿದೆ. ಹಿಂದಿನ ಶಾಫ್ಟಿನ ಸುತ್ತ ಆಯಿಲ್ ತಡೆಯುವ ಸೀಲಿನ ಬಳಿ ಸೋರಿತ್ತು. ಬಿಚ್ಚಿದ ಸೀಲಿನ ರಬ್ಬರ್ ಅಂಚು ಸವೆದಿರಲಿಲ್ಲ. ಅದನ್ನು ಗಮನಿಸಿದೆ, ಆದರೆ ಯೋಚಿಸಲಿಲ್ಲ. ಆ ಅಳತೆಯ ಸೀಲು ನಾಶಿಕದಲ್ಲಿ ಸಿಗದ ಕಾರಣ 7ರಂದು ಬೆಳಿಗ್ಗೆ 6ರ ಬಸ್ಸಿಗೆ ಛತ್ರಪತಿ ಸಂಭಾಜಿನಗರಕ್ಕೆ ಹೋಗಿ, ಹಳೆ ಬಿಡಿಭಾಗಗಳ ಮೂರನೇ ಅಂಗಡಿಯಲ್ಲಿ ಪಡೆದು ತಂದೆ.

8 ಮತ್ತು 9ರಂದು ಸೀಲು ಕೂರಿಸಿ, ಗುರುತಿನವರೆಗೆ ಆಯಿಲ್ ತುಂಬಿದೆ. 9ರಂದು ಮಧ್ಯಾಹ್ನ 4.10ರಿಂದ 20 ನಿಮಿಷ ಇಂಜಿನ್ ನಡೆಸಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ. ಇನ್ನು ಐದು ವರ್ಷ ಇದರ ಕಡೆ ತಿರುಗಿ ನೋಡಬ್ಯಾಡ್ರಿ ಎಂದು ಗುರುಬಸವ ಅವರಿಗೆ ಹೇಳಿದೆ. ಆಗಲೇ ದತ್ತು ರಜೆಯ ಮಾತು ತೆಗೆದ. 12ರ ಭಾನುವಾರ ಸಟಾಣಾದ ಮನೆಯಲ್ಲಿ ಹೆಂಡತಿಗೆ ಏಳನೇ ತಿಂಗಳ ಉಡಿ ತುಂಬುವುದಿದೆ, ಎರಡು ದಿನ ಬಿಡ್ರಿ ಎಂದ. ಗುರುಬಸವ ಅವರು, ಮದಲೇ ನಾಲ್ಕು ದಿನ ಕೆಲಸ ನಿಂತದ, ಉಡಿ ತುಂಬೋದು ಹೆಂಗಸರ ಕೆಲಸ, ನೀ ಹೋಗಿ ಏನು ಆರತಿ ಹಿಡಿತೀಯೇನು ಎಂದರು. ಅದಕ್ಕೆ ದತ್ತು, ನೀವು ರಜಾ ಕೊಡದಿದ್ದರ ಮಶೀನ್ ಕೊಡ್ತದ ಬಿಡ್ರಿ ಮಾಲಕ್ ಎಂದು ನಕ್ಕ. ನಾವೂ ನಕ್ಕೆವು.

10ರಂದು ಬೆಳಿಗ್ಗೆ 7.30ಕ್ಕೆ ದತ್ತು ಕೆಲಸ ಶುರು ಮಾಡಿದ. 11.05ಕ್ಕೆ ಮತ್ತೆ ಫೋನ್ ಬಂತು. ನಾನು ತಲುಪಿದಾಗ 12.15. ಯಂತ್ರದ ಕೆಳಗೆ ಅಂದಾಜು 9 ಲೀಟರ್ ಆಯಿಲ್ ಹರಡಿತ್ತು, ಆದರೆ ಸೀಲಿನಿಂದ ಏನೂ ತೊಟ್ಟಿಕ್ಕುತ್ತಿರಲಿಲ್ಲ. ಹೊಸಾ ಸೀಲು ಹ್ಯಾಂಗ ಸೋರ್ತದರೀ ಎಂದು ಗುರುಬಸವ ಅವರು ಕೇಳಿದರು. ನಾನು ಹಾಕಿದ ಸೀಲು ಸೋರಂಗಿಲ್ಲ, ಯಾರೋ ಕೆಳಗಿನ ನಟ್ಟು ಸಡಿಲ ಮಾಡಿ ಆಯಿಲ್ ಬಿಟ್ಟಾರ ಎಂದು ಹೇಳಿದೆ. ನಟ್ಟನ್ನು ಮುಟ್ಟಿ ನೋಡದೆ ಹೇಳಿದೆ. ಗುರುಬಸವ ಅವರಿಗೆ ಹಿಂದಿನ ದಿನದ ತಮಾಷೆ ನೆನಪಾಯಿತು. ಅಂದೇ ದತ್ತುವಿನ ಮೇಲೆ ದೂರು ಕೊಟ್ಟರು. ಸಂಜೆ 5ಕ್ಕೆ ನಾನೂ ಇಲ್ಲಿ ಅದೇ ಮಾತು ಹೇಳಿದೆ. ವಿಚಾರಣೆ ಮುಗಿಯುವವರೆಗೆ ತಾಲ್ಲೂಕು ಬಿಟ್ಟು ಹೋಗಬಾರದೆಂದು ದತ್ತುವಿಗೆ ತಿಳಿಸಲಾಯಿತು. ಅವನು ನನ್ನನ್ನು ನೋಡಿದ.

ಇಂದು 11ರಂದು ಬೆಳಿಗ್ಗೆ 9ಕ್ಕೆ ಒಬ್ಬನೇ ಜಮೀನಿಗೆ ಹೋದೆ. ಕೆಳಗಿನ ನಟ್ಟು ಬಿಗಿಯಾಗಿತ್ತು. ಸಡಿಲವಾದರೆ ತಿಳಿಯಲೆಂದು 9ರಂದು ಅದರ ಮೇಲೆ ನಾನು ಬಳಿದ ಬಣ್ಣದ ಗುರುತು ಮುರಿದಿರಲಿಲ್ಲ. ಕಡಿಮೆಯಾದ ಆಯಿಲ್ ತುಂಬಿ, 9.15ಕ್ಕೆ ಯಂತ್ರವನ್ನು ನಾನೇ ನಡೆಸಿ ಮಣ್ಣು ದೂಡಿದೆ. 10.05ಕ್ಕೆ ಸೀಲಿನಿಂದ ಮೊದಲ ಹನಿ ಬಿತ್ತು. 10.20ಕ್ಕೆ ಧಾರೆಯಾಯಿತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಇಂಜಿನ್ ನಿಲ್ಲಿಸಿ, ಆಯಿಲ್ ಎಷ್ಟಿದೆಯೆಂದು ಅಳತೆ ಕಡ್ಡಿ ಎಳೆದಾಗ ಕುಕ್ಕರಿನ ಹಾಗೆ ಸದ್ದು ಬಂದು ಬಿಸಿ ಆಯಿಲ್ ಮುಖಕ್ಕೆ ಸಿಡಿಯಿತು. ಒಳಗೆ ಗಾಳಿ ಕಟ್ಟಿಕೊಂಡಿದೆಯೆಂದು ಆಗ ತಿಳಿಯಿತು.

ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗಲು ಮೇಲೆ ಬ್ರೀದರ್ ಎಂಬ ಸಣ್ಣ ಭಾಗವಿರುತ್ತದೆ. ಈ ಯಂತ್ರದಲ್ಲಿ ಅದು ಸೀಟಿನ ಹಿಂದೆ, ದುಂಡು ಪೀಠದ ಮೇಲೆ ಹೆಬ್ಬೆರಳಿನಷ್ಟು ಎತ್ತರಕ್ಕೆ ನಿಂತಿದೆ, ತಲೆ ನುಣುಪಾಗಿದೆ. ನೋಡಲು ಲಿಂಗದಂತಿದೆ. ಗುರುಬಸವ ಅವರ ತಾಯಿ ಪಾರ್ವತಿಬಾಯಿಯವರು, ವಯಸ್ಸು 71, ಹನ್ನೊಂದು ವರ್ಷಗಳಿಂದ ಪ್ರತಿ ಖಂಡೇನವಮಿಗೆ ಕುರ್ಚಿಯ ಮೇಲೆ ಹತ್ತಿ ಅದಕ್ಕೆ ನೀರು ಕಲಸಿದ ವಿಭೂತಿ ಹಚ್ಚುತ್ತಾರೆ. ಅದು ವರ್ಷ ವರ್ಷ ಧೂಳಿನೊಂದಿಗೆ ಬೆಳೆದು ಲಿಂಬೆಹಣ್ಣಿನಷ್ಟಾಗಿ, ಗಾಳಿಯ ತೂತುಗಳನ್ನು ಗಾರೆಯಂತೆ ಮುಚ್ಚಿತ್ತು. ಈ ಒಂದನೇ ತಾರೀಖಿನ ಪೂಜೆಗೆ ಉಳಿದ ತೂತೂ ಹೋಯಿತು. ದಾರಿಯಿಲ್ಲದ ಗಾಳಿ ಆಯಿಲನ್ನು ಸೀಲಿನಿಂದ ದೂಡುತ್ತಿತ್ತು. ಬಿಸಿಯೇರುವ ಮೊದಲು ಮತ್ತು ತಣ್ಣಗಾದ ಮೇಲೆ ಸೋರುತ್ತಿರಲಿಲ್ಲ, ಆದ್ದರಿಂದ 9 ಮತ್ತು 10ರಂದು ನನಗೆ ಹನಿ ಕಾಣಲಿಲ್ಲ.

ಅದು ಬ್ರೀದರ್ ಎಂದು ನನಗೆ ಆರು ವರ್ಷದಿಂದ ಗೊತ್ತು. ಆದರೂ ಪ್ರತಿ ಸಲ ಅದಕ್ಕೆ ಕೈಮುಗಿದು ಕೆಲಸ ಶುರು ಮಾಡುತ್ತಿದ್ದೆ. ಕೈಮುಗಿದದ್ದನ್ನು ಬಿಚ್ಚಿ ನೋಡಬೇಕೆಂದು ಹೊಳೆಯಲಿಲ್ಲ. ಇದು ನನ್ನ ತಪ್ಪು, ಪಾರ್ವತಿಬಾಯಿಯವರದಲ್ಲ.

ಫೋನ್ ಮಾಡಿದೆ. 11.10ಕ್ಕೆ ತಾಯಿ, ಮಗ ಇಬ್ಬರೂ ಬಂದರು. ಗುರುಬಸವ ಅವರು ತಾಯಿಗೆ ಹೇಳಲು ಹಿಂಜರಿದರು. ನಾನೇ, ಅವ್ವಾರೆ, ಇದು ಮಶೀನಿನ ಮೂಗ್ರಿ ಎಂದೆ. ಅವರು, ಅಯ್ಯ ಶಿವನೇ, ಹನ್ನೊಂದು ವರ್ಷ ಇದರ ಮೂಗು ಮುಚ್ಚೀನಾ, ಇಷ್ಟು ಮಂದಿ ಗಂಡಸರು ಇದ್ದೀರಿ, ಒಬ್ಬರಿಗೂ ಬಾಯಿ ಇಲ್ಲೇನು ಎಂದರು. ನಾನು ತೆಗೆಯಲು ಹೋದಾಗ, ಹಚ್ಚಿದಾಕಿ ನಾನು, ತೆಗಿಯಾಕಿನೂ ನಾನೇ ಎಂದು ಕುರ್ಚಿ ತರಿಸಿ, ಬಿಸಿನೀರು ಹಾಕಿ 40 ನಿಮಿಷದಲ್ಲಿ ಬಿಡಿಸಿದರು. ತೂತುಗಳನ್ನು ನಾನು ತಂತಿಯಿಂದ ಸ್ವಚ್ಛಗೊಳಿಸಿದೆ. ನಂತರ ಅವರು ಮಗನಿಗೆ, ಈಗ ಆ ದತ್ತೂನ ಕರಿ ಎಂದರು.

1.10ಕ್ಕೆ ದತ್ತು ಯಂತ್ರ ಹತ್ತಿದ. ಹತ್ತುವ ಮೊದಲು ನನಗೆ, ಶಶಿಕಾಂತ ಭಾವೂ, ಕಟ್ಟಿದ್ದು ಮಶೀನಿನ ಮೂಗು, ಹಿಡದದ್ದು ನನ್ನ ಕಿವಿ, ಭಾರೀ ಮೆಕಾನಿಕ್ ನೀವು ಎಂದ. ಅವನು ಮೂರು ಗಂಟೆ ಬಿಡದೆ ಕೆಲಸ ಮಾಡಿದ. 4.10ಕ್ಕೆ ಯಂತ್ರ ನಿಲ್ಲಿಸಿ ಸೀಲಿನ ಕೆಳಗೆ ಪೇಪರ್ ಹಾಸಿ ಕಾಲು ಗಂಟೆ ಕಾದೆವು. ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅದನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಆದ್ದರಿಂದ ಆಯಿಲನ್ನು ಯಾರೂ ಬಿಟ್ಟಿಲ್ಲ. ದತ್ತುವಿನ ಮೇಲೆ ನಿನ್ನೆ ನಾನು ಹೇಳಿದ್ದು ಪರೀಕ್ಷಿಸದೆ, ನನ್ನ ಕೆಲಸದ ಜಂಬಕ್ಕೆ ಹೇಳಿದ್ದು. ಅದನ್ನು ಹೊಡೆದುಹಾಕಬೇಕು. ಸಟಾಣಾಕ್ಕೆ ಸಂಜೆ 6.15ಕ್ಕೆ ಬಸ್ಸಿದೆ, ಅದಕ್ಕೆ ಅವನನ್ನು ಬಿಡಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು. ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು, ಕಿವಿಯಾರೆ ಕೇಳಿದ್ದು ಮಾತ್ರ ಇದರಲ್ಲಿದೆ. ಯಾರ ಒತ್ತಾಯವೂ ಇಲ್ಲ.

ಓದಿದ ಮೇಲೆ ನನ್ನ ಕೋರಿಕೆಯಂತೆ ಸೇರಿಸಿದ್ದು: ಬಸ್ಸಿನ ವಿಷಯ ಈಗ ಅಗತ್ಯವಿಲ್ಲ. ಗುರುಬಸವ ಅವರು ದೂರನ್ನು ವಾಪಸು ಪಡೆದಿದ್ದಾರೆ, ದತ್ತು ಹೋಗಬಹುದೆಂದು ಸಾಹೇಬರು ತಿಳಿಸಿದ್ದಾರೆ. ಠಾಣೆಯ ಹೊರಗೆ ಗುರುಬಸವ ಅವರ ಜೀಪು ನಿಂತಿದೆ. ಅದರಲ್ಲಿ ಪಾರ್ವತಿಬಾಯಿಯವರು ಐದು ತೆಂಗಿನಕಾಯಿ ಮತ್ತು ಒಂದು ಹಸಿರು ಸೀರೆ ಇಟ್ಟುಕೊಂಡು ಕುಳಿತಿದ್ದಾರೆ. ಸಟಾಣಾಕ್ಕೆ ಹೋಗಿ ದತ್ತುವಿನ ಹೆಂಡತಿಗೆ ಉಡಿ ತುಂಬುವವರೆಗೆ ಜೀಪು ಬಿಡುವುದಿಲ್ಲ ಎನ್ನುತ್ತಿದ್ದಾರೆ. ಮುಂದಿನ ಸೀಟಿನಲ್ಲಿ ದತ್ತು ಇದ್ದಾನೆ. ನನಗೆ ಹಿಂದೆ ಜಾಗ ಬಿಟ್ಟಿದ್ದಾರೆ.

ಸ್ಥಳ: ದಿಂಡೋರಿ
ದಿನಾಂಕ: 11-10-2025, ಸಂಜೆ 5.50

ಸಹಿ
ಶಶಿಕಾಂತ ಶಿವರಾಯ ಹಲಬರ್ಗೆ