ರೇಣುಕಯ್ಯನ ಪಟಕ್ಕೆ ಕೂತವನು

ಅಧ್ಯಕ್ಷರಾದ ಮಹಾಲಿಂಗಯ್ಯನವರೇ, ಮಧುಗಿರಿಯ ಅಮಲ್ದಾರರೇ, ಕೊಳಾಲದಿಂದ ಗಾಡಿ ಕಟ್ಟಿಸಿಕೊಂಡು ಬಂದಿರುವ ರೇಣುಕಯ್ಯನ ತಾಯಿ ಶಿವರುದ್ರಮ್ಮನವರೇ, ಈ ಹಾಸ್ಟೆಲಿನ ವಿದ್ಯಾರ್ಥಿಗಳೇ, ಸಭಿಕರೇ,

ಹೋದ ಮಾಘದಲ್ಲಿ ಜ್ವರದಿಂದ ತೀರಿಕೊಂಡ ನನ್ನ ಸಹಪಾಠಿ, ಈ ಹಾಸ್ಟೆಲನ್ನು ಕಟ್ಟಿಸಿದ ರೇಣುಕಯ್ಯನ ಪಟಕ್ಕೆ ಹಾರ ಹಾಕುವ ಗೌರವವನ್ನು ನನಗೆ, ಅಂದರೆ ವಕೀಲ ಶಂಕರಲಿಂಗಪ್ಪನಿಗೆ, ಕೊಟ್ಟಿದ್ದೀರಿ. ವಕೀಲನಿಗೆ ಮಾತು ಕಷ್ಟವೇ? ಇಂದು ಕಷ್ಟವಾಗಿದೆ.

ಮೈಸೂರಿನ ಕಾಲೇಜಿನಲ್ಲಿ ನಮ್ಮನ್ನು ಅವಳಿಗಳೆಂದೇ ತಿಳಿದಿದ್ದರು. ಅವನಿಗೆ ಬೀಳಬೇಕಾದ ಬೈಗುಳ ನನಗೆ, ನನಗೆ ಬೀಳಬೇಕಾದದ್ದು ಅವನಿಗೆ. ಒಟ್ಟಿನಲ್ಲಿ ನಷ್ಟ ಅವನಿಗೇ. ವ್ಯತ್ಯಾಸ ಒಂದೇ. ನಮ್ಮ ಮಧುಗಿರಿಯ ಬೆಟ್ಟ ಹತ್ತುವಾಗ ಜಾರಿ ಬಿದ್ದು ಅವನ ಎಡಹುಬ್ಬು ಸೀಳಿತ್ತು. ಆ ಗಾಯದ ಗೆರೆ ಕೊನೆಯವರೆಗೂ ಮಾಸಲಿಲ್ಲ.

ಅವನ ಫೋಟೋ ಒಂದೂ ಇಲ್ಲ. ಗ್ರೂಪ್ ಫೋಟೋದಲ್ಲಿ ತಲೆ ಅಲ್ಲಾಡಿಸಿಬಿಟ್ಟಿದ್ದ. ಕೋಟು ಮೂಡಿತು, ಮುಖ ಮೂಡಲಿಲ್ಲ. ಆದ್ದರಿಂದ ಶಿರಾದ ಚಿತ್ರಗಾರರ ಮುಂದೆ ನಾನೇ ಅವನ ಕೋಟು ತೊಟ್ಟು ಕೂತೆ. ಗೆಳೆಯನಿಗೆ ಮುಖ ಕೊಡುವುದು ದೊಡ್ಡ ಮಾತೇ? ಹುಬ್ಬಿನ ಗೆರೆಯನ್ನು ಮಾತ್ರ ಹೇಳಿ ಬರೆಸಿದೆ. ಮರುದಿನ ಅದು ಪಟದಲ್ಲಿರಲಿಲ್ಲ. ಮತ್ತೆ ಬರೆದರು, ಮತ್ತೆ ಹೋಯಿತು. "ಈ ಜಾಗದಾಗೆ ಬಣ್ಣ ನಿಲ್ತಿಲ್ಲ ಸಾಹೇಬ್ರೇ" ಎಂದರು.

ಅದೇ ವಾರ ನನ್ನ ಹೆಂಡತಿ ಚನ್ನಮಲ್ಲಮ್ಮ ಊಟಕ್ಕೆ ಬಡಿಸುತ್ತಾ, "ಇದೇನ್ರೀ ಹುಬ್ಬಿನ ಮ್ಯಾಲೆ?" ಎಂದಳು. ಕ್ಷೌರದ ಕತ್ತಿ ತಾಗಿರಬೇಕು ಎಂದೆ. ಕ್ಷೌರದ ಕತ್ತಿ ಹುಬ್ಬಿಗೇಕೆ ಹೋಗುತ್ತದೆ? ಅಂದಿನಿಂದ ಅವಳು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಕ್ಷಮಿಸಿ, ಇದು ಸಭೆಯಲ್ಲಿ ಹೇಳುವ ವಿಷಯವಲ್ಲ.

ಬದುಕಿರುವವರ ಪಟಕ್ಕೆ ಹಾರ ಹಾಕಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಇದು ಅವನ ಪಟವೇ? ನನ್ನ ಪಟವೇ? ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಭಯವಾಗುತ್ತಿದೆ. ಬೇರೆ ಯಾರಾದರೂ ಹಾರ ಹಾಕಲಿ ಎಂದು ಬೇಡಿಕೊಳ್ಳಲು, ವೇದಿಕೆ ಹತ್ತುವ ಮೊದಲು ಶಿವರುದ್ರಮ್ಮನವರ ಬಳಿ ಹೋದೆ. ಆ ತಾಯಿ ಪಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹುಬ್ಬು ಸವರಿ ಹೇಳಿದರು: "ಅಲ್ಲಿರೋದು ವಕೀಲಪ್ಪ ಕಣ್ಲಾ, ಪಾಪ. ಅವನಿಗೆ ಹಾರ ಹಾಕ್ಬುಟ್ಟು ಬಾ ಮಗ. ಗಾಡಿ ಕಾಯ್ತೈತೆ."

ಮಗನನ್ನು ಕಳೆದುಕೊಂಡ ತಾಯಿಗೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಸಭಿಕರೇ, ಹಾರ ಹಾಕುತ್ತಿದ್ದೇನೆ.

ಹಾಕಿದೆ.

ಶಂಕರಲಿಂಗಪ್ಪನವರು ಒಳ್ಳೆಯ ಗೆಳೆಯರಾಗಿದ್ದರು. ಅವರ ಪತ್ನಿ ಚನ್ನಮಲ್ಲಮ್ಮನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾರೆ, ದಯವಿಟ್ಟು ಯಾರಾದರೂ ಅವರನ್ನು ಮನೆ ಸೇರಿಸಿ. ನಾನು ಹೊರಡಬೇಕು, ಅವ್ವ ಎದ್ದು ನಿಂತಿದ್ದಾರೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.